ಸಾಬಾನಾ ಬೀಳಲಿಲ್ಲ

ಗಸ್ತು ಮನೆ, ಸಾಬಾನಾ ತಿರುವು
9 ಜೂನ್ 1991

ಅಕ್ಕ ಕ್ಲೊರಿಂದಾ,

ನೀನು ಕಳಿಸಿದ ರೊಟ್ಟಿಗಳು ಇಲ್ಲಿಗೆ ಬಂದಾಗಲೂ ಬೆಚ್ಚಗಿದ್ದವು. ಬೆಲಿಸಾರಿಯೊ ಹಿಮ ತಳ್ಳುವ ಲಾರಿಯಲ್ಲಿ ಗಂಟನ್ನು ಮಡಿಲಲ್ಲೇ ಇಟ್ಟುಕೊಂಡು ಬಂದನಂತೆ. “ದಾರೀಲಿ ನಾಲ್ಕು ತಿಂದೆ, ನಿಮ್ಮಕ್ಕಂಗೆ ಹೇಳ್ಬೇಡಿ” ಅಂದ. ಹೇಳಿದ್ದೇನೆ.

ಈ ಚಳಿಗಾಲ ನಾನೊಬ್ಬಳೇ. ಹೋದ ವರ್ಷ ಜೊತೆಗಿದ್ದ ಲೌತಾರೊ ಮದುವೆಯಾಗಿ ಕಡಲ ಕಡೆಗೆ ಹೋದ. ಅವನ ಜಾಗಕ್ಕೆ ಇನ್ನೊಬ್ಬರನ್ನು ಕೊಡುತ್ತೇವೆಂದು ಸ್ಕೀ ಕೇಂದ್ರದವರು ಮಾರ್ಚಿನಿಂದ ಹೇಳುತ್ತಲೇ ಇದ್ದಾರೆ. ಗಡಿಹಗ್ಗ ಕಟ್ಟುವುದು, ಹಗ್ಗ ದಾಟಿ ಹೊರಬೆಟ್ಟಕ್ಕೆ ನುಗ್ಗಿದವರನ್ನು ಹಿಂದಕ್ಕೆ ಕರೆತರುವುದು, ಕಾಲು ಮುರಿದುಕೊಂಡವರನ್ನು ಜಾರುಬಂಡಿಯಲ್ಲಿ ಇಳಿಸುವುದು, ಗುಂಡಿ ತೋಡಿ ಹಿಮದ ಪದರ ನೋಡುವುದು, ಎಲ್ಲ ನಾನೇ. ರಸ್ತೆಯ ಅಡ್ಡಗಂಬವೂ ನನ್ನ ಕೊರಳಿಗೇ. ಮೇಲೆ ಆಗ್ವಾ ತುರ್ಬಿಯಾದಲ್ಲಿ ನಿಮ್ಮ ಅರುವತ್ತು ಮನೆ, ಕೆಳಗೆ ಸಾಂತಾ ಗೆಮಾದಲ್ಲಿ ಆಸ್ಪತ್ರೆ ಮತ್ತು ಉಳಿದ ಪ್ರಪಂಚ, ನಡುವೆ ಸಾಬಾನಾ ಇಳಿಜಾರಿನ ಬುಡದಲ್ಲಿ ನಾಲ್ಕುನೂರು ಮೀಟರ್ ರಸ್ತೆ. ಅದನ್ನು ತೆರೆಯುವವಳೂ ಮುಚ್ಚುವವಳೂ ನಾನು. ಮಾತಾಡೋಣವೆಂದರೆ ಇಲ್ಲಿರುವುದು ಒಂದು ಒಲೆ. ನಿನ್ನ ಹಾಗೆಯೇ, ಹೊಗೆಯಾಡುತ್ತದೆ, ಉತ್ತರ ಕೊಡುವುದಿಲ್ಲ.

ಮೇ ಕೊನೆಗೆ ಬಿದ್ದ ಹಿಮ ಮೊಣಕಾಲಷ್ಟೂ ಇರಲಿಲ್ಲ. ಆಮೇಲೆ ಹದಿನೈದು ದಿನ ಒಂದು ಮೋಡವೂ ಇಲ್ಲದ ಚಳಿ. ತೆಳ್ಳಗಿನ ಹಿಮ ಹೀಗೆ ಬಿದ್ದುಕೊಂಡಿದ್ದರೆ ತಳದಿಂದ ಹಾಳಾಗುತ್ತದೆ ಎಂದು ಅಪ್ಪ ಹೇಳುತ್ತಿದ್ದನಲ್ಲ? ನಿನ್ನೆ ಸಾಬಾನಾದ ಅಂಚಿನಲ್ಲಿ ತೋಡಿದೆ. ತಳದ ಹಿಮ ಹಿಡಿದರೆ ಉಂಡೆಯಾಗಲಿಲ್ಲ, ಒರಟು ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಸುರಿದುಹೋಯಿತು. ಇದರ ಮೇಲೆ ಒಂದೇ ಏಟಿಗೆ ದೊಡ್ಡ ಹಿಮ ಬಿದ್ದರೆ ಅದಕ್ಕೆ ಕೂರಲು ನೆಲೆಯಿರುವುದಿಲ್ಲ.

ಅಪ್ಪನಿಗೆ “ಸಕ್ಕರೆ ಬಂದಿದೆ” ಎಂದು ಹೇಳು, ಸಾಕು. ಅವನ ಕೆಮ್ಮು ಹೇಗಿದೆ?

ನಿನ್ನ ತೀಲಾ


ಆಗ್ವಾ ತುರ್ಬಿಯಾ
21 ಜೂನ್

ತೀಲಾ,

ಹೇಳಿದೆ. ಚಹಾ ಕುಡಿಯುತ್ತಿದ್ದವನು ಬಟ್ಟಲು ಕೆಳಗಿಟ್ಟ. “ಐವತ್ಮೂರರಲ್ಲೂ ಹಿಂಗೇ ಆಗಿತ್ತು. ಹದಿನಾಲ್ಕು ಹೇಸರಗತ್ತೆ, ಮೂರು ಜನ. ಒಂದು ಸದ್ದಿಲ್ಲ, ಗದ್ದಲ ಇಲ್ಲ. ಹಿಂದೆ ತಿರುಗಿ ನೋಡ್ತೀನಿ, ರಸ್ತೇನೇ ಇಲ್ಲ” ಅಂದ. ಈ ಕಥೆ ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಸತ್ತ ಕತ್ತೆಗಳ ಹೆಸರೂ ನನಗೆ ಬಾಯಿಪಾಠ. ಅವನು ಹೇಸರಗತ್ತೆ ಹೊಡೆಯುತ್ತಿದ್ದ ಗಣಿ ಮುಚ್ಚಿ ಇಪ್ಪತ್ತು ವರ್ಷವಾದರೂ ಇವನ ಕತ್ತೆಗಳು ಮಾತ್ರ ನನ್ನ ಅಡುಗೆಮನೆಯಿಂದ ಹೊರಗೆ ಹೋಗಿಲ್ಲ.

ಕೆಮ್ಮು ಇದ್ದೇ ಇದೆ. ಬೆಳಿಗ್ಗೆ ಎದ್ದರೆ ಅರ್ಧ ಗಂಟೆ ಅದೇ ಕೆಲಸ. “ಕಷಾಯ ಕುಡಿ” ಅಂದರೆ “ನೀನೇ ಕುಡಿ, ಮುಖ ನೆಟ್ಟಗಾಗುತ್ತೆ” ಅನ್ನುತ್ತಾನೆ. ನಿನ್ನ ಮುಂದೆಯಾದರೆ ಕುಡಿಯುತ್ತಿದ್ದ. ನೀನು ವರ್ಷಕ್ಕೆ ನಾಲ್ಕು ಸಲ ಬರುವವಳು, ನಿನ್ನ ಮುಂದೆ ಎಲ್ಲ ಕುಡಿಯುತ್ತಾನೆ.

ಹೋದ ಸೋಮವಾರ ನೀನು ಒಂದು ದಿನ ರಸ್ತೆ ಮುಚ್ಚಿದೆಯಲ್ಲ, ಇಲ್ಲಿ ದೊಡ್ಡ ಸಭೆಯೇ ನಡೆಯಿತು. ಊರಿನ ರೇಡಿಯೊವನ್ನು ನಮ್ಮ ರೊಟ್ಟಿ ಅಂಗಡಿಯಲ್ಲಿ ಇಡಲು ಒಪ್ಪಿದ್ದೇ ತಪ್ಪು. ಸುದ್ದಿ ಕೇಳಲು ಬಂದವರು ಒಲೆಯ ಮುಂದೆ ಬೇರು ಬಿಡುತ್ತಾರೆ. ದಿನಸಿ ಅಂಗಡಿಯ ಓನೊಫ್ರೆ ಅನ್ನುತ್ತಾನೆ: “ಸಾಬಾನಾ ಬೀಳುತ್ತಂತೆ, ಸಾಬಾನಾ! ಹೆಸರಿಗೆ ಹೊದಿಕೆ ಅಷ್ಟೇ. ಹಾಸಿಗೆ ಮೇಲಿರೋ ಹೊದಿಕೆ ಬಿದ್ದೀತು, ಅದು ಬೀಳಲ್ಲ.” ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಿನ್ನ ಪರವಾಗಿ ಮಾತನ್ನೂ ಆಡಲಿಲ್ಲ. ಹಿಟ್ಟು ನಾದುತ್ತಿದ್ದೆ.

ಹನ್ನೆರಡು ವರ್ಷವಾಯಿತು ತೀಲಾ, ಈ ಒಲೆಯ ಮುಂದೆ. ಸುಮ್ಮನೆ ಹೇಳಿದೆ.

ಕ್ವಿನ್ಸ್ ಹಣ್ಣಿನ ಮುರಬ್ಬ ಕಳಿಸಿದ್ದೇನೆ. ಬೆಲಿಸಾರಿಯೊ ಕೈಗೆ ಸಿಗದ ಹಾಗೆ ಗಂಟಿನ ಬಾಯಿ ಹೊಲಿದಿದ್ದೇನೆ.

ಕ್ಲೊರಿಂದಾ


ಆಗ್ವಾ ತುರ್ಬಿಯಾ
17 ಜುಲೈ

ಒತಿಲಿಯಾ,

ತೀಲಾ ಎಂದು ಬರೆಯಲು ಮನಸ್ಸಾಗಲಿಲ್ಲ. ಭಾನುವಾರ ನೀನು ಅಪ್ಪನ ಮಣ್ಣಿಗೆ ಬಂದು ಎಲ್ಲರ ಹಿಂದೆ ನಿಂತಿದ್ದೆ. ಊಟಕ್ಕೆ ನಿಲ್ಲದೆ ಹೋದೆ. ಆದ್ದರಿಂದ ಬರೆಯುತ್ತಿದ್ದೇನೆ.

ಮಂಗಳವಾರ ಸಂಜೆಯಿಂದ ಹಿಮ ಶುರುವಾಯಿತು. ಬುಧವಾರ ಬೆಳಿಗ್ಗೆ ಅಪ್ಪನಿಗೆ ಜ್ವರ. ನೀನು ರಸ್ತೆ ಮುಚ್ಚಿದ್ದೆ. ಗುರುವಾರ ಬೆಳಿಗ್ಗೆ ತುಟಿ ನೀಲಿಯಾಗಿತ್ತು. ಎಂಟಕ್ಕೆ ರೇಡಿಯೊದಲ್ಲಿ ಕರೆದೆ, ಹತ್ತಕ್ಕೆ ಕರೆದೆ, ಒಂದಕ್ಕೆ ಕರೆದೆ. ಮೂರು ಸಲವೂ “ಆಗೋದಿಲ್ಲ ಅಕ್ಕ, ಇನ್ನೂ ಆಗೋದಿಲ್ಲ” ಅಂದೆ. ಹವಾಮಾನ ಹೀಗಿದ್ದಾಗ ಹೆಲಿಕಾಪ್ಟರ್ ಬರುವುದಿಲ್ಲವೆಂದೂ ನೀನೇ ಹೇಳಿದೆ. ಮೂರಕ್ಕೆ ಮತ್ತೆ ಕರೆದಾಗ ನಿನ್ನ ಬ್ಯಾಟರಿ ಸತ್ತಿತ್ತು. ಅಪ್ಪನನ್ನು ಕುರ್ಚಿ ಸಮೇತ ಅಂಗಡಿಗೆ ಎತ್ತಿ ತಂದು, ಮೈಕನ್ನು ಅವನ ಬಾಯಿಗೇ ಹಿಡಿದಿದ್ದೆ. ನನ್ನ ಮಾತು ಕೇಳದಿದ್ದರೂ ಅವನ ಮಾತು ಕೇಳುತ್ತೀಯೆಂದು. ಪಾಪ, ಅವನು ಮಾತಾಡಿದ್ದು ಖಾಲಿ ಡಬ್ಬಿಯ ಜೊತೆಗೆ.

ಶುಕ್ರವಾರ ಬೆಳಕು ಹರಿಯುವಾಗ ಹೋದ.

ಶನಿವಾರ ನೀನು ರಸ್ತೆ ತೆರೆದೆ. ಸಾಂತಾ ಗೆಮಾದ ಡಾಕ್ಟರು ಬಂದು ಸಾವಿನ ಕಾಗದ ಬರೆದುಕೊಟ್ಟರು. “ಎರಡು ದಿನ ಮುಂಚೆ ಸಿಕ್ಕಿದ್ರೆ ನೋಡಬಹುದಾಗಿತ್ತು” ಅಂದರು.

ಮೂರು ದಿನ ಒತಿಲಿಯಾ. ಮೂರು ದಿನದಲ್ಲಿ ಸಾಬಾನಾದಿಂದ ಒಂದು ಹಿಡಿ ಹಿಮವೂ ಕುಸಿದು ಆ ರಸ್ತೆಗೆ ಬೀಳಲಿಲ್ಲ. ಓನೊಫ್ರೆ ಈಗ ನಗುತ್ತಿಲ್ಲ. ಯಾರೂ ನನ್ನ ಮುಂದೆ ನಿನ್ನ ಹೆಸರೆತ್ತುವುದಿಲ್ಲ.

ಅಪ್ಪನ ಬಟ್ಟೆಗಳನ್ನು ಕೊಟ್ಟುಬಿಡುತ್ತಿದ್ದೇನೆ. ನಿನಗೆ ಏನಾದರೂ ಬೇಕಿದ್ದರೆ ಬೆಲಿಸಾರಿಯೊ ಹತ್ತಿರ ಹೇಳಿ ಕಳಿಸು.

ಕ್ಲೊರಿಂದಾ


ಗಸ್ತು ಮನೆ
28 ಜುಲೈ

ಅಕ್ಕ,

ಏನೂ ಬೇಡ. ಅವನ ಟೋಪಿ ಒಂದಿದ್ದರೆ ಇರಲಿ ಅನಿಸಿತ್ತು, ಕೊಟ್ಟಿದ್ದರೆ ಪರವಾಗಿಲ್ಲ.

ನಾನು ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ. ಒಪ್ಪು ಎಂದು ಕೇಳುವುದಿಲ್ಲ.

ಬುಧವಾರ ಬೆಳಿಗ್ಗೆ ಸ್ಕೀಗಳ ಅಡಿಗೆ ಹಿಂದಕ್ಕೆ ಜಾರದಂತೆ ತೊಗಲುಪಟ್ಟಿ ಕಟ್ಟಿ ಏರಿದೆ. ಸಾಬಾನಾದ ಮೇಲಕ್ಕಲ್ಲ, ಅಲ್ಲಿ ಕಾಲಿಡುವ ಹಾಗಿರಲಿಲ್ಲ. ಪಕ್ಕದಲ್ಲಿ ಅದೇ ದಿಕ್ಕಿಗೆ ಮುಖ ಮಾಡಿದ ಸಣ್ಣ ಇಳಿಜಾರಿದೆಯಲ್ಲ, ಅಲ್ಲಿಗೆ. ಒಂದು ಮೀಟರಿನಷ್ಟು ಹೊಸ ಹಿಮ, ಗಾಳಿ ಅದನ್ನು ಒತ್ತಿ ಹಲಗೆಯ ಹಾಗೆ ಮಾಡಿತ್ತು. ಏರುವಾಗ ಎರಡು ಸಲ ಕಾಲ ಕೆಳಗೆ ‘ಹುಫ್’ ಎಂದು ಕುಸಿಯಿತು. ದೊಡ್ಡ ಪ್ರಾಣಿಯೊಂದು ಉಸಿರು ಬಿಟ್ಟ ಸದ್ದು. ಅಪ್ಪ ಈ ಸದ್ದು ಕೇಳಿದರೆ ಟೋಪಿ ತೆಗೆಯುತ್ತಿದ್ದ.

ಎದೆಮಟ್ಟ ಗುಂಡಿ ತೋಡಿದೆ. ಗೋಡೆಯಲ್ಲಿ ಸಲಿಕೆಯಗಲದ ಹಿಮದ ಕಂಬವೊಂದನ್ನು ಕಡಿದು ಬಿಡಿಸಬೇಕು, ಅದರ ನೆತ್ತಿಯ ಮೇಲೆ ಸಲಿಕೆಯಿಟ್ಟು ಬೆರಳ ತುದಿಯಿಂದ ಹತ್ತು ಸಲ, ಮೊಣಕೈಯಿಂದ ಬೀಸಿ ಹತ್ತು ಸಲ, ಭುಜದಿಂದ ಬೀಸಿ ಹತ್ತು ಸಲ ತಟ್ಟಬೇಕು. ಎಷ್ಟನೇ ಪೆಟ್ಟಿಗೆ ಜಾರುತ್ತದೆಂದು ಲೆಕ್ಕ. ನಾನು ಎಣಿಸಲೇ ಇಲ್ಲ. ಸಲಿಕೆ ಇಡುವ ಮೊದಲೇ ಮೇಲಿನ ಹಲಗೆ ಸಕ್ಕರೆಯ ಮೇಲಿಂದ ಜಾರಿ ನನ್ನ ತೊಡೆಯ ಮೇಲೆ ಬಂದು ಕೂತಿತು. ಗುರುವಾರವೂ ಅದೇ. ಶುಕ್ರವಾರ ಒಂಬತ್ತು ಪೆಟ್ಟು ತಡೆಯಿತು. ಶನಿವಾರ ಇಪ್ಪತ್ತೊಂದು. ಅವತ್ತು ಮೋಡ ಹರಿದು ಬೆಟ್ಟದ ನೆತ್ತಿ ಕಾಣಿಸಿತು, ಬೀಳುವುದಿದ್ದರೆ ರಸ್ತೆ ಖಾಲಿಯಿರುವಾಗಲೇ ಬೀಳಲಿ ಎಂದು ಏರಿ ಮೂರು ಸಿಡಿಮದ್ದು ಎಸೆದೆ. ಮೂರೂ ಸಿಡಿದವು. ಸಾಬಾನಾ ಅಲ್ಲಾಡಲಿಲ್ಲ. ಆಮೇಲೆ ಒಂದೊಂದೇ ವಾಹನ ಬಿಟ್ಟೆ.

ಬುಧವಾರವೇ ಯಾಕೆ ಎಸೆಯಲಿಲ್ಲ ಎಂದು ಕೇಳುತ್ತೀಯ. ಆ ಮೋಡದಲ್ಲಿ ನನ್ನ ಸ್ಕೀಯ ಮೂತಿ ನನಗೇ ಕಾಣುತ್ತಿರಲಿಲ್ಲ.

ಬೀಳಲಿಲ್ಲ ಎಂದು ನೀನು ಬರೆದೆ. ಹೌದು, ಬೀಳಲಿಲ್ಲ. ಗುರುವಾರ ಮಧ್ಯಾಹ್ನ ಅದರ ಬುಡದಲ್ಲಿ ಒಂದು ಲಾರಿ ಗುಡುಗುಡು ಎಂದು ಹೋಗಿದ್ದರೆ ಬೀಳುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಯಾವತ್ತೂ ಗೊತ್ತಾಗುವುದೂ ಇಲ್ಲ. ಮುಚ್ಚಿದ ದಿನಗಳ ಬಗ್ಗೆ ಈ ಕೆಲಸದಲ್ಲಿ ಯಾರೂ ಬಂದು ‘ಸರಿ ಮಾಡಿದೆ’ ಅನ್ನುವುದಿಲ್ಲ. ಅಪ್ಪನ ವಿಷಯದಲ್ಲೂ ಯಾರೂ ಅನ್ನಲಾರರು.

ತೀಲಾ


ಗಸ್ತು ಮನೆ
22 ಆಗಸ್ಟ್

ಅಕ್ಕ,

ಹಿಂದಿನ ಪತ್ರ ನಿನ್ನ ಕೈಗೇ ಕೊಟ್ಟೆನೆಂದು ಬೆಲಿಸಾರಿಯೊ ಹೇಳುತ್ತಾನೆ. “ಹಿಟ್ಟಿನ ಡಬ್ಬಿ ಪಕ್ಕ ಇಟ್ಕೊಂಡ್ರು. ಓದಿದ್ರೋ, ಒಲೆಗೆ ಹಾಕಿದ್ರೋ, ನಂಗೇನ್ ಗೊತ್ತು? ನಾನು ರೊಟ್ಟಿ ತಿಂತಿದ್ದೆ” ಅಂದ. ನನಗೆ ರೊಟ್ಟಿ ಬರಲಿಲ್ಲ. ಕೇಳಲೂ ಇಲ್ಲ. ಬೀನ್ಸ್ ಬೇಯಿಸಿಕೊಳ್ಳುತ್ತೇನೆ. ಒಂದು ಸಲ ಬೇಯಿಸಿದರೆ ನಾಲ್ಕು ದಿನ. ಎತ್ತರದಲ್ಲಿ ಅದು ಬೇಯುವುದೇ ಇಲ್ಲ, ಕಾಯುತ್ತ ಕೂತಿರಬೇಕು. ಕಾಯುವ ಕೆಲಸವೊಂದಿರುವುದು ಒಳ್ಳೆಯದೇ.

ಹೋದ ವಾರ ಸ್ಯಾಂಟಿಯಾಗೊದಿಂದ ಬಂದಿದ್ದ ಒಬ್ಬ ಹಗ್ಗ ದಾಟಿ ಹಿಂದಿನ ಕಣಿವೆಗೆ ಹೋದ. ಸಣ್ಣ ಕುಸಿತ, ಮನೆಯ ಛಾವಣಿಯಷ್ಟು ಹಿಮ. ನಾನು ತಲುಪಿದಾಗ ಎದೆಯವರೆಗೆ ಹೂತಿದ್ದ. ಸಿಮೆಂಟಿನಲ್ಲಿ ನಿಂತವನ ಹಾಗೆ. ತೋಡುತ್ತ ಕೇಳಿದೆ:

“ಹಗ್ಗ ಕಾಣಿಸ್ಲಿಲ್ವಾ?”

“ಕಾಣಿಸ್ತು.”

“ಮತ್ತೆ?”

“ಜಾಡಿತ್ತಲ್ಲ. ಯಾರೋ ಹೋಗಿದಾರೆ, ಏನಾಗಲ್ಲ ಅಂದ್ಕೊಂಡೆ.”

“ಆ ಜಾಡು ನಂದು ಕಣಪ್ಪಾ. ನಾನು ಹೋಗಿದ್ದು ಹಿಮ ನೋಡೋಕೆ, ಆಟ ಆಡೋಕಲ್ಲ.”

ಅದಕ್ಕೆ ಅವನು ಗಂಡಸಾಗಿ ಬಿಕ್ಕಿ ಬಿಕ್ಕಿ ಅತ್ತ. ಜಾರುಬಂಡಿಗೆ ಕಟ್ಟುವಾಗ ನನ್ನ ಕೈ ಹಿಡಿದವನು ಬಿಡಲೇ ಇಲ್ಲ. ಕೈ ಬಿಡಿಸಿಕೊಳ್ಳದೆ ಬಂಡಿ ಎಳೆಯಲಾಗದು, ಆದರೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಅಪ್ಪನ ಮಣ್ಣಿನ ದಿನ ಪಾದ್ರಿ ಕೈ ಕುಲುಕಿದ್ದು ಬಿಟ್ಟರೆ, ನನ್ನ ಕೈ ಮುಟ್ಟಿದ ಮನುಷ್ಯ ಅವನೇ.

ನೀನು ಉತ್ತರ ಬರೆಯದಿದ್ದರೂ ನಡೆಯುತ್ತದೆ. ಓದಿದ್ದೇನೆ ಎಂದು ಬೆಲಿಸಾರಿಯೊ ಹತ್ತಿರ ಒಂದು ಮಾತು ಹೇಳಿ ಕಳಿಸು.

ತೀಲಾ


ಗಸ್ತು ಮನೆ
3 ಸೆಪ್ಟೆಂಬರ್

ಅಕ್ಕ,

ಬೆಲಿಸಾರಿಯೊ ಇವತ್ತು ಬಂದು “ಓದಿದಾರಂತೆ” ಅಂದ. ಅಷ್ಟೇ ಅಂದ. ಅದಕ್ಕೇ ಈಗ ಇದನ್ನು ಬರೆಯುತ್ತಿದ್ದೇನೆ, ಧೈರ್ಯ ಹೋಗುವ ಮೊದಲು.

ಬ್ಯಾಟರಿ ಸತ್ತಿರಲಿಲ್ಲ.

ಆ ಗುರುವಾರ ಮಧ್ಯಾಹ್ನ ಬೆಲಿಸಾರಿಯೊ ಇಲ್ಲೇ ಕೆಳಗಿನ ಅಡ್ಡಗಂಬದ ಹತ್ತಿರ ಲಾರಿಯನ್ನು ಮೇಲ್ಮುಖ ಮಾಡಿ ನಿಲ್ಲಿಸಿಕೊಂಡಿದ್ದ. ಎಂಜಿನ್ ಆರಿಸಿರಲಿಲ್ಲ. ನೀನು ಒಂದಕ್ಕೆ ಕರೆದದ್ದನ್ನು ಅವನೂ ಕೇಳಿಸಿಕೊಂಡಿದ್ದ. ಕಿಟಕಿ ಇಳಿಸಿ ಹೇಳಿದ: “ದೋನ್ಯಾ ಒತಿಲಿಯಾ, ನೀವು ಹೂಂ ಅನ್ನಿ ಸಾಕು. ಹಿಮ ತಳ್ಕೊಂಡು ಹೋಗಿ ಮುದುಕ್ರನ್ನ ಹಾಕ್ಕೊಂಡು ಬಂದ್ಬಿಡ್ತೀನಿ. ಊಹೂಂ ಅಂದ್ರೆ ಇಲ್ಲೇ ಇರ್ತೀನಿ. ನಂಗೆ ಯೋಚ್ನೆ ಮಾಡೋಕೆ ಹೇಳ್ಬೇಡಿ, ಅದು ನಿಮ್ಮ ಕೆಲ್ಸ.” ಅವನಿಗೆ ನಾಲ್ಕು ಮಕ್ಕಳು. ಕೊನೆಯದು ಇನ್ನೂ ನಡೆಯುತ್ತಿಲ್ಲ.

ನಾನು ಊಹೂಂ ಅಂದು ಒಳಗೆ ಬಂದೆ.

ಮೂರಕ್ಕೆ ರೇಡಿಯೊ ಕರೆಯಿತು. ನಿನ್ನ ದನಿ ಎಂದುಕೊಂಡೆ, ಅಪ್ಪನದು. ಪೂರ್ತಿ ಕೇಳಿಸಿತು. “ತೀಲಾ, ಮಗಳೇ, ತೆಗಿಯೇ. ಒಂದೇ ಸಲ ತೆಗಿ. ಬೇಗ ದಾಟಿಬಿಡ್ತೀವಿ. ಉಸಿರು ಕಟ್ಟುತ್ತಾ ಇದೆ ಕಣೇ” ಅಂದ. ಅವನು ಯಾರನ್ನೂ ಏನನ್ನೂ ಕೇಳಿದವನಲ್ಲ. ನೀರು ಕೊಡು ಎಂದು ಕೂಡ ಕೇಳುತ್ತಿರಲಿಲ್ಲ, ತಾನೇ ಎದ್ದು ಹೋಗುತ್ತಿದ್ದ. ಹಿಮದ ಕೆಳಗೆ ನಿಂತು ಅವಸರ ಮಾಡುವವನ ಮಾತು ಕೇಳಬೇಡ ಎಂದು ನನಗೆ ಕಲಿಸಿದವನೂ ಅವನೇ.

ಮತ್ತೊಂದು ಸಲ ಅವನ ದನಿ ಕೇಳಿದ್ದರೆ ನಾನು ಹೊರಗೆ ಹೋಗಿ ಬೆಲಿಸಾರಿಯೊಗೆ ಹೂಂ ಅನ್ನುತ್ತಿದ್ದೆ. ಅದು ನನಗೆ ಖಂಡಿತ ಗೊತ್ತಿತ್ತು. ಆದ್ದರಿಂದ ರೇಡಿಯೊದ ಗುಂಡಿ ತಿರುಗಿಸಿ ಆರಿಸಿದೆ. ನಾನು ಕೊಟ್ಟ ಉತ್ತರ ಅದೊಂದೇ.

ಮರುದಿನ ಬೆಳಿಗ್ಗೆ ಹಾಕಿದಾಗ ನೀನು ‘ಹೋದ’ ಎಂದು ಹೇಳುತ್ತಿದ್ದೆ. ಬ್ಯಾಟರಿ ಹೋಗಿತ್ತು ಎಂದು ನನ್ನ ಬಾಯಿಂದ ತಾನೇ ಬಂತು. ಮಣ್ಣಿನ ದಿನ ಅದಕ್ಕೇ ಎಲ್ಲರ ಹಿಂದೆ ನಿಂತೆ, ಅದಕ್ಕೇ ಊಟಕ್ಕೆ ನಿಲ್ಲಲಿಲ್ಲ.

ಇದನ್ನು ಓದಿದ ಮೇಲೆ ನೀನು ಬರೆಯದಿದ್ದರೆ ನನಗೆ ಅರ್ಥವಾಗುತ್ತದೆ.

ಒತಿಲಿಯಾ


ಆಗ್ವಾ ತುರ್ಬಿಯಾ
12 ಸೆಪ್ಟೆಂಬರ್

ತೀಲಾ,

ಮೂರು ದಿನ ನಿನ್ನನ್ನು ಶಪಿಸಿದೆ. ಬಾಯಿಬಿಟ್ಟೇ ಶಪಿಸಿದೆ, ಗಿರಾಕಿಗಳ ಮುಂದೆ. ಓನೊಫ್ರೆ ರೊಟ್ಟಿ ಬಿಟ್ಟು ಓಡಿದ. ನಾಲ್ಕನೇ ದಿನ ಶಾಪ ಮುಗಿಯಿತು, ಹಿಂದೆ ಉಳಿದದ್ದು ಕಾಣಿಸಿತು.

ನೀನು ಹೇಳಿದ ಮೇಲೆ ನಾನೂ ಹೇಳಬೇಕು. ಅಪ್ಪನಿಗೆ ಜ್ವರ ಬಂದದ್ದು ಬುಧವಾರವಲ್ಲ. ಭಾನುವಾರವೇ ಮೈ ಬೆಚ್ಚಗಿತ್ತು. ಸೋಮವಾರ ಬಿಸಿಲಿತ್ತು, ರಸ್ತೆ ತೆರೆದಿತ್ತು, ನಿನಗೂ ನೆನಪಿರಬೇಕು. ಬೆಲಿಸಾರಿಯೊ ರೊಟ್ಟಿಗೆ ಬಂದವನು ಅಪ್ಪನ ಕೆಮ್ಮು ಕೇಳಿ, “ನಾನು ಖಾಲೀನೇ ಇಳೀತಿದೀನಿ, ಮುದುಕ್ರನ್ನ ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಡು ಬನ್ನಿ” ಅಂದ. ಅಪ್ಪ ಬೂಟು ಹಾಕಿಕೊಂಡು ಕೂತೇಬಿಟ್ಟ. ಡಾಕ್ಟರೆಂದರೆ ಓಡುವವನು ತಾನಾಗಿ ಬೂಟು ಹಾಕಿಕೊಂಡಿದ್ದ, ತೀಲಾ. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ.

ಹಿಟ್ಟು ಉಬ್ಬಿತ್ತು. ಒಲೆ ಕಾದಿತ್ತು. ಅವನ ಜೊತೆ ಹೋದರೆ ಎರಡು ದಿನ ಕೆಟ್ಟಹಾಗೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವನ ಗೊಣಗಾಟ ಕೇಳಬೇಕು. ನನಗೆ ಸಾಕಾಗಿತ್ತು. “ಸುಮ್ನಿರು ಅಪ್ಪಾ, ನಾಳೆ ಹೋದ್ರಾಯ್ತು” ಅಂದೆ. ಅವನು ಏನೂ ಅನ್ನದೆ ಬೂಟು ಬಿಚ್ಚಿದ. ಬುಧವಾರ ಎಂದು ಊರಿಗೆಲ್ಲ ಹೇಳಿದೆ, ಡಾಕ್ಟರಿಗೂ ಹೇಳಿದೆ, ನಿನಗೂ ಬರೆದೆ. ಬೆಲಿಸಾರಿಯೊಗೆ ಗೊತ್ತು. ಯಾರಿಗೂ ಹೇಳಿಲ್ಲ ಅವನು. ಇಷ್ಟು ದಿನ ನನ್ನ ರೊಟ್ಟಿ ತಿನ್ನುತ್ತ, ನನ್ನ ಮುಖ ನೋಡದೆ ನಿಂತಿರುತ್ತಿದ್ದ.

ರೇಡಿಯೊ ವಿಷಯ. ಅಪ್ಪ ಮಾತಾಡಿ ಮುಗಿಸಿ ಕಾದ. ಸದ್ದಿಲ್ಲ. ನಾನು ಬ್ಯಾಟರಿ ಇರಬೇಕು ಅಂದೆ. ಅವನು ಅಲ್ಲ ಎಂದು ತಲೆಯಾಡಿಸಿದ. “ಹಠಮಾರಿ ಕತ್ತೆ” ಅಂದ. ಆಮೇಲೆ ಚಹಾ ಕೇಳಿದ, ಸಕ್ಕರೆ ಜಾಸ್ತಿ ಹಾಕು ಅಂದ. ಕತ್ತೆ ಎಂಬ ಆ ಮಾತನ್ನು ಅವನು ಸಿಟ್ಟಿನಿಂದ ಅಂದನೋ, ಬೇರೆ ಹೇಗೋ, ನನಗೆ ತಿಳಿಯಲಿಲ್ಲ. ಬೈಯುವುದಕ್ಕೂ ಮುದ್ದಿಗೂ ಅವನ ಹತ್ತಿರ ಇದ್ದದ್ದು ಅದೇ ಒಂದು ಮಾತು. ನಿನಗೆ ಬೇಕಾದ ಹಾಗೆ ತಗೋ ಎಂದು ನಾನು ಹೇಳಲಾರೆ. ಹೇಗಂದನೋ ಹಾಗೆ ಬರೆದಿದ್ದೇನೆ.

ನಾನು ಹೊರಟಿದ್ದೇನೆ. ಪುಯೆರ್ತೊ ಮಾನ್ಸೊದಲ್ಲಿ ಅತ್ತೆಯ ಮಗಳು ರೊಟ್ಟಿ ಅಂಗಡಿ ಇಟ್ಟಿದ್ದಾಳೆ, ಕೈಗೆ ಜನ ಬೇಕಂತೆ. ರಾಷ್ಟ್ರೀಯ ಹಬ್ಬ ಕಳೆದ ಮೇಲೆ ಇಲ್ಲಿ ಬೀಗ ಹಾಕುತ್ತೇನೆ. ನಿನ್ನನ್ನು ನೋಡಿ ಹೋಗಲು ನನ್ನಿಂದ ಆಗುವುದಿಲ್ಲ. ಸಿಟ್ಟಿನಿಂದಲ್ಲ.

ಕ್ಲೊರಿಂದಾ


ಪುಯೆರ್ತೊ ಮಾನ್ಸೊ
6 ಅಕ್ಟೋಬರ್

ತೀಲಾ,

ಬಂದು ಸೇರಿದ್ದೇನೆ. ಇಲ್ಲಿ ಎಲ್ಲದಕ್ಕೂ ಮೀನಿನ ವಾಸನೆ, ಹಿಟ್ಟಿಗೂ. ಅತ್ತೆಯ ಮಗಳು ಒಳ್ಳೆಯವಳು, ಮಾತು ಜಾಸ್ತಿ. ನನಗೊಂದು ಕೋಣೆ ಕೊಟ್ಟಿದ್ದಾಳೆ, ಕಿಟಕಿ ಕಡಲಿಗೆ. ಮೊದಲ ದಿನ ನೋಡಿದೆ. ಆಮೇಲೆ ನೋಡಿಲ್ಲ. ಅಷ್ಟು ದೊಡ್ಡದನ್ನು ನೋಡುತ್ತ ಒಬ್ಬಳೇ ಏನು ಮಾಡುವುದು?

ನಾನು ಬಂದ ದಾರಿಯನ್ನು ಹೇಳಬೇಕು. ಸೆಪ್ಟೆಂಬರ್ ಇಪ್ಪತ್ತಮೂರರ ಸೋಮವಾರ ಪೆಟ್ಟಿಗೆ ಕಟ್ಟಿ ಬೆಲಿಸಾರಿಯೊನ ಲಾರಿ ಹತ್ತಿದೆ. ಮೇಲಿನ ಅಡ್ಡಗಂಬಕ್ಕೆ ಬರುವಷ್ಟರಲ್ಲಿ ಹಿಮ ಜೋರಾಯಿತು, ನೀನು ಮುಚ್ಚಿದೆ. ನಮ್ಮ ಹಿಂದೆ ಓನೊಫ್ರೆಯ ಗಾಡಿ, ಅವನ ಹಿಂದೆ ಇನ್ನೂ ಎರಡು. ಎರಡು ಹಗಲು ಅಲ್ಲೇ, ಕಾವಲು ಗುಡಿಸಲಿನಲ್ಲಿ. ಎರಡನೇ ದಿನ ಓನೊಫ್ರೆ ಶುರು ಮಾಡಿದ: “ಮತ್ತೆ ಅದೇ ಆಟ! ಬೀಳಲ್ಲ, ಏನಿಲ್ಲ. ಅವಳಿಗೆ ರಸ್ತೆ ಮುಚ್ಚೋದು ಒಂದು ಚಟ.”

ನಾನು ಅಂದೆ: “ಓನೊಫ್ರೆ, ನಮ್ಮಪ್ಪ ಸಾಯ್ತಿದ್ದಾಗ್ಲೇ ತೆಗೀದೋಳು ನಿನ್ನ ಈರುಳ್ಳಿ ಮೂಟೆಗೆ ತೆಗೀತಾಳಾ? ಬಾಯಿ ಮುಚ್ಕೊಂಡು ಕೂತ್ಕೋ.”

ಓನೊಫ್ರೆ ಎದ್ದು ತನ್ನ ಗಾಡಿಯ ಕಡೆಗೆ ನಡೆದ. ನನಗೇ ಗಾಬರಿಯಾಯಿತು, ಈ ಮಾತು ಎಲ್ಲಿತ್ತು ನನ್ನಲ್ಲಿ ಎಂದು.

ಮೂರನೇ ದಿನ, ಬುಧವಾರ, ಬೆಳಕಾಯಿತು. ಬೆಲಿಸಾರಿಯೊ ದುರ್ಬೀನು ಕೊಟ್ಟು, “ಅಲ್ಲಿ ನೋಡಿ, ಕಪ್ಪು ಚುಕ್ಕೆ” ಅಂದ. ನೀನು. ಇಷ್ಟು ವರ್ಷ ನೀನು ಮಾಡುವ ಕೆಲಸ ನಾನು ಒಂದು ಸಲವೂ ನೋಡಿರಲಿಲ್ಲ. ಆ ಬಿಳಿಯ ಮೇಲೆ ಒಬ್ಬಳೇ ತೋಡುತ್ತಿದ್ದೆ. ಸೊಂಟದವರೆಗೆ ಇಳಿದೆ, ಆಮೇಲೆ ತಲೆಯೂ ಕಾಣಲಿಲ್ಲ. ನಾನು ಎಣಿಸಲು ಶುರು ಮಾಡಿದೆ, ಯಾಕೆಂದು ಗೊತ್ತಿಲ್ಲ. ಮುನ್ನೂರು ಎಣಿಸಿದ ಮೇಲೆ ತಲೆ ಮೇಲೆ ಬಂತು. ಆಮೇಲೆ ಗುಂಡಿಯ ದಡದಲ್ಲಿ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ನಿನ್ನ ಸುತ್ತ ಎಲ್ಲೂ ಯಾರೂ ಇರಲಿಲ್ಲ. ಜುಲೈನಲ್ಲೂ ನೀನು ಹೀಗೇ ಕೂತಿರಬೇಕು ಅನಿಸಿತು.

ಗುರುವಾರ ಬೆಳಿಗ್ಗೆ ತೆರೆದೆ. ನಾವೇ ಮೊದಲು. ಬೆಲಿಸಾರಿಯೊ ಕಿಟಕಿ ಇಳಿಸಲು ಹೇಳಿದ, ಮೇಲೆ ಹಿಮ ಕದಲಿದರೆ ಸದ್ದು ಕೇಳಿಸಬೇಕಂತೆ. ಸಾಬಾನಾದ ಬುಡಕ್ಕೆ ಬಂದಾಗ ತಲೆಯೆತ್ತಿ ನೋಡಿದೆ. ಹುಟ್ಟಿದಾಗಿನಿಂದ ಅದರ ಕೆಳಗೆ ಓಡಾಡಿದ್ದೇನೆ, ಹೀಗೆ ನೋಡಿರಲಿಲ್ಲ. ಕೊನೆಯೇ ಕಾಣಲಿಲ್ಲ. ಅಪ್ಪನನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು, ಜುಲೈ ಹಿಮದಲ್ಲಿ, ಇದೇ ರಸ್ತೆಯಲ್ಲಿ ಹೋಗುತ್ತಿದ್ದೇವೆ ಎಂದುಕೊಂಡೆ. ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆಲಿಸಾರಿಯೊ ಅದನ್ನು ನೋಡಿ, “ಒಂದು ನಿಮಿಷ ಅಷ್ಟೇ ಅಕ್ಕ” ಅಂದ. ಆ ಒಂದು ನಿಮಿಷ ನಾನು ಸಾಯುವವರೆಗೂ ಇರುತ್ತದೆ.

ಕೆಳಗಿನ ಅಡ್ಡಗಂಬದಲ್ಲಿ ನೀನು ವಾಹನಗಳ ಲೆಕ್ಕದ ಪುಸ್ತಕ ಹಿಡಿದು ನಿಂತಿದ್ದೆ. ತೆಳ್ಳಗಾಗಿದ್ದೀಯ. ಬೆಲಿಸಾರಿಯೊ ನಿಧಾನ ಮಾಡಿದ, ನನ್ನ ಮುಖ ನೋಡಿದ. ನಿಲ್ಲಿಸು ಅನ್ನಬೇಕಿತ್ತು. ಅನ್ನಲಿಲ್ಲ. ನೀನು ತಲೆಯೆತ್ತಲಿಲ್ಲ. ದಾಟಿಹೋದೆವು.

ಅಪ್ಪನ ಟೋಪಿ ಯಾರಿಗೂ ಕೊಟ್ಟಿರಲಿಲ್ಲ. ಈ ಪತ್ರದ ಜೊತೆ ಬರುತ್ತದೆ.

ನಿನ್ನ ಅಕ್ಕ


ಗಸ್ತು ಮನೆ
15 ಅಕ್ಟೋಬರ್

ಅಕ್ಕ,

ಟೋಪಿ ಬಂತು. ನನ್ನ ತಲೆಗೆ ದೊಡ್ಡದು. ಹಾಕಿಕೊಂಡಿದ್ದೇನೆ.

ನೀನು ಆ ಲಾರಿಯಲ್ಲಿ ಇದ್ದೀಯೆಂದು ನನಗೆ ಗೊತ್ತಿತ್ತು. ಸೋಮವಾರವೇ ಬೆಲಿಸಾರಿಯೊ ರೇಡಿಯೊದಲ್ಲಿ “ಒಬ್ಬರು ಪ್ರಯಾಣಿಕರು” ಅಂದ. ಯಾರು ಅಂದೆ. “ಯಾರೂಂತ ನಿಮ್ಗೇ ಗೊತ್ತು” ಅಂದ. ಅಡ್ಡಗಂಬದಲ್ಲಿ ತಲೆಯೆತ್ತದೆ ನಿಂತದ್ದು ಅದಕ್ಕೇ. ಎತ್ತಿದ್ದರೆ ನೀನು ಮುಖ ತಿರುಗಿಸುತ್ತೀಯೆಂದು ಹೆದರಿದ್ದೆ.

ಒಂದು ವಿಷಯ ನಿನಗೆ ಹೇಳಬೇಕು. ಇದನ್ನು ಸ್ಕೀ ಕೇಂದ್ರದವರಿಗೂ ಹೇಳಿದ್ದೇನೆ. ಆ ಬುಧವಾರ ನೀನು ದುರ್ಬೀನಿನಲ್ಲಿ ನೋಡುವಾಗ ನಾನು ಗುಂಡಿಯಲ್ಲಿ ಮೂವತ್ತು ಪೆಟ್ಟು ತಟ್ಟಿದೆ. ಕಂಬ ಅಲ್ಲಾಡಲಿಲ್ಲ. ಇನ್ನೊಂದು ಕಡಿದೆ, ಮತ್ತೆ ಮೂವತ್ತು. ಅದೂ ಅಲ್ಲಾಡಲಿಲ್ಲ. ಹಿಮ ಗಟ್ಟಿಯಾಗಿತ್ತು, ಜುಲೈನ ಸಕ್ಕರೆಯೂ ಬೆಸೆದುಕೊಂಡಿತ್ತು. ಮಧ್ಯಾಹ್ನಕ್ಕೇ ತೆರೆಯಬಹುದಿತ್ತು, ತೆರೆಯಬೇಕಿತ್ತು. ಅಡ್ಡಗಂಬದವರೆಗೆ ಇಳಿದು ಬಂದೆ. ಹಗ್ಗಕ್ಕೆ ಕೈ ಹಾಕಿದೆ. ಕೈ ಬರಲಿಲ್ಲ. ಮೇಲೆ ನೀನಿದ್ದೆ. ಮತ್ತೆ ಏರಿ ಮೂರನೆಯದು ತೋಡಿದೆ, ಅದೂ ಗಟ್ಟಿ. ಆದರೂ ಗುರುವಾರದವರೆಗೆ ಮುಚ್ಚಿಯೇ ಇಟ್ಟೆ. ನಿನ್ನ ಹಿಂದೆ ನಿಂತಿದ್ದವರೆಲ್ಲ ನನ್ನ ಹೆದರಿಕೆಗೆ ಅರ್ಧ ದಿನ ಕಾದರು. ಆ ಅರ್ಧ ದಿನದ ಮಟ್ಟಿಗೆ ಓನೊಫ್ರೆ ಹೇಳಿದ್ದು ಸರಿಯೇ.

ಅಪ್ಪನ ದಿನ ನಾನು ಮುಚ್ಚಿದ್ದು ಹಿಮವನ್ನು ನೋಡಿ. ಎಷ್ಟು ಸಲ ಯೋಚಿಸಿದರೂ ಆ ಗುರುವಾರ ನಾನು ಮತ್ತೆ ಮುಚ್ಚುತ್ತೇನೆ. ಈ ಸಲ ಮುಚ್ಚಿದ್ದು ನನ್ನನ್ನು ನೋಡಿಕೊಂಡು. ಬರುವ ಚಳಿಗಾಲ ಒಬ್ಬಳೇ ಈ ಕೆಲಸ ಮಾಡುವುದಿಲ್ಲ, ಇನ್ನೊಬ್ಬರು ಬರದಿದ್ದರೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂದಿದ್ದೇನೆ. ಈ ಸಲ ಅವರು ಹೂಂ ಎಂದು ತಲೆಯಾಡಿಸಿದರು.

ಸಾಬಾನಾ ಕರಗುತ್ತಿದೆ. ಇಡೀ ಚಳಿಗಾಲ ಬೀಳಲಿಲ್ಲ. ಈಗ ಹನಿಹನಿಯಾಗಿ ರಸ್ತೆಯ ಪಕ್ಕದ ಚರಂಡಿಯಲ್ಲಿ ಹರಿದು ಹೋಗುತ್ತಿದೆ. ನಿನ್ನೆ ಅದರ ನಡುಮಧ್ಯದಲ್ಲಿ ಹೋಗಿ ನಿಂತೆ. ಅಲ್ಲಲ್ಲಿ ಕಲ್ಲು ಕಾಣುತ್ತಿದೆ.

ನೀನು ಇಷ್ಟು ದಿನ ಹೇಳದೆ ಬಿಟ್ಟಿದ್ದ, ಅಪ್ಪ ಬೂಟು ಬಿಚ್ಚಿದ ಆ ಸೋಮವಾರದ ಬಗ್ಗೆ ನನಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಬರೆದರೆ ಅದು ಕ್ಷಮೆಯ ಹಾಗೆ ಕೇಳುತ್ತದೆ, ಕ್ಷಮಿಸಲು ನಾನು ಯಾರು? ಎದುರಿಗೆ ಕೂತರೆ ಏನಾದರೂ ಬಾಯಿಗೆ ಬಂದೀತು. ಬಾರದಿದ್ದರೂ ಕೂತಿರಬಹುದು.

ನವೆಂಬರ್ ಒಂದಕ್ಕೆ, ಸತ್ತವರನ್ನು ನೆನೆಯುವ ಹಬ್ಬದ ದಿನ, ಮೇಲೆ ಹೋಗಿ ಅಪ್ಪನ ಸಮಾಧಿಗೆ ಹೂವಿಟ್ಟು, ಮೂರನೇ ತಾರೀಖಿನ ಬಸ್ಸಿಗೆ ಪುಯೆರ್ತೊ ಮಾನ್ಸೊಗೆ ಬರುತ್ತೇನೆ. ಬಾ ಎಂದು ನೀನು ಕರೆದಿಲ್ಲ, ಗೊತ್ತು. ಬಂದು ಬಾಗಿಲು ತಟ್ಟುತ್ತೇನೆ. ತೆಗೆಯಲು ನಿನಗೆ ಆಗದಿದ್ದರೆ ತೆಗೆಯಬೇಡ, ಯಾಕೆಂದು ಕೇಳುವುದಿಲ್ಲ. ಎದುರಿನ ಬೆಂಚಿನ ಮೇಲೋ, ಕಡಲ ದಂಡೆಯಲ್ಲೋ ಕೂತಿರುತ್ತೇನೆ. ಮೂರು ದಿನ ಇರುತ್ತೇನೆ.

ತೀಲಾ